ಹಡಾಕನ ಇಪ್ಪತ್ತಮೂರು ಸೋಲು

ನನ್ನ ಅಕ್ಕ ವಿಲ್ಮಾಳ ಗಂಡ ಆಂಬ್ರೋಸ್ ಹಡಾಕ್ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ನಿಂತೇ ತಿನ್ನುತ್ತಿದ್ದ, ಅರ್ಧ ತಿಂದು ಹಿತ್ತಲಿಗೆ ಹೋಗುತ್ತಿದ್ದ, ತಿರುಗಿ ಬಂದು ಉಳಿದರ್ಧ ತಿನ್ನುತ್ತಿದ್ದ. ಅಕ್ಕ ಮೊದಮೊದಲು ಬೈದಳು, ಆಮೇಲೆ ಅವನ ಕುರ್ಚಿಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆ ಇಡಲು ಶುರು ಮಾಡಿದಳು.

ಅವನಿಗೆ ಸಿಕ್ಕಿದ್ದೂ ಅಂಥದೇ ಕೆಲಸ. ನಮ್ಮ ಬೆಲ್ಟನ್ ಫೆರ್ರಿಯ ನೀರಿನ ಕಂಪನಿಯಲ್ಲಿ ಮೀಟರು ಓದುವುದು. ಬೆಳಿಗ್ಗೆ ಏಳಕ್ಕೆ ಹೊರಟರೆ ನದಿಯ ದಂಡೆಯಿಂದ ಗುಡ್ಡದ ಮೇಲಿನ ಬೀದಿಗಳವರೆಗೆ ಮನೆ ಮನೆಯ ನೆಲಮಾಳಿಗೆಗೆ ಇಳಿದು ಹತ್ತಬೇಕು. ಬೇರೆಯವರು ಎರಡು ದಿನ ತೆಗೆದುಕೊಳ್ಳುವ ಬೀದಿಗಳನ್ನು ಅವನು ಒಂದೇ ದಿನದಲ್ಲಿ ಮುಗಿಸುತ್ತಿದ್ದ. ಯಾರ ಮನೆಯಲ್ಲೂ ಎರಡು ಮಾತು ಆಡುತ್ತಿರಲಿಲ್ಲ. ಆಡಿದರೆ ಮೂರನೆಯ ಮಾತು ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು.

"ಏನ್ ಬ್ರೋಸ್, ಇವತ್ತಾದ್ರೂ ಗೆದ್ಯೇನಪ್ಪಾ?"

ಊರಿನವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಹವಾಮಾನದ ಮಾತಾಡುವಂತೆ ಆಡುತ್ತಿದ್ದರು. ಆದರೆ ಇಪ್ಪತ್ತೇಳು ವರ್ಷ ದಿನಾ ಕೇಳಿಸಿಕೊಂಡವನಿಗೆ ಅದು ಬೇರೆ.

ಬೇಸ್‌ಬಾಲಿನಲ್ಲಿ ತಂಡ ಸೋತರೆ ಆ ಸೋಲನ್ನು ತಂಡದ ಲೆಕ್ಕಕ್ಕಷ್ಟೇ ಬರೆದು ಬಿಡುವುದಿಲ್ಲ. ಚೆಂಡು ಎಸೆದ ಪಿಚರನ ಹೆಸರಿನ ಮುಂದೆಯೂ ಬರೆಯುತ್ತಾರೆ. ಆಂಬ್ರೋಸ್ ನಮ್ಮ ಊರಿನ ತಂಡದ ಪಿಚರ್ ಆಗಿದ್ದ. ನದಿಯ ಆಚೀಚೆಯ ಎಂಟು ಊರುಗಳು ಸೇರಿ ಆಡುವ ಚಿಕ್ಕ ಲೀಗು. ೧೯೫೧ರ ಕೊನೆಯ ಒಂಬತ್ತು ಆಟ, ೧೯೫೨ರ ಮೊದಲ ಹದಿನಾಲ್ಕು ಆಟ, ಒಟ್ಟು ಇಪ್ಪತ್ತಮೂರನ್ನು ಅವನು ಒಂದಾದ ಮೇಲೊಂದು ಸೋತ. ಅಷ್ಟು ಕೆಟ್ಟ ಆಟಗಾರನೇನಲ್ಲ. ಹನ್ನೊಂದು ಆಟ ಒಂದೇ ಒಂದು ರನ್ನಿನಿಂದ ಹೋದವು. ಹಿಂದೆ ನಿಂತವರು ಕೈಗೆ ಬಂದ ಚೆಂಡು ಬಿಟ್ಟರು, ಇವನು ಚೆನ್ನಾಗಿ ಎಸೆದ ದಿನ ನಮ್ಮವರ ಬ್ಯಾಟು ಮಲಗಿತು. ತಂಡದ ಮಾಲೀಕ ಹಿರಿಯ ಡೆನ್ಹಾಮ್‌ಗೆ ಹತ್ತು ಸೋಲಾದ ಮೇಲೆ ಒಂದು ವಿಷಯ ಹೊಳೆಯಿತು. ಹಡಾಕ್ ಎಸೆಯುವ ದಿನ ಜನ ಜಾಸ್ತಿ ಬರುತ್ತಾರೆ. "ಇವತ್ತೂ ಸೋಲುತ್ತಾನೆಯೇ? ಬಂದು ನೋಡಿ" ಎಂದು ಗೋಡೆಗೋಡೆಗೂ ಹಚ್ಚಿಸಿದ. ಇಪ್ಪತ್ತನಾಲ್ಕನೆಯ ಆಟಕ್ಕೆ ಬ್ಯಾಂಡಿನವರನ್ನೇ ಗೊತ್ತು ಮಾಡಿದ.

ಆ ದಿನ ಆಂಬ್ರೋಸ್ ಮೈದಾನಕ್ಕೆ ಬರಲಿಲ್ಲ. ಸಮವಸ್ತ್ರವನ್ನು ಕಾಗದದಲ್ಲಿ ಸುತ್ತಿ ಗೇಟಿನಲ್ಲಿ ಕೊಟ್ಟು, ಸೇತುವೆ ದಾಟಿ ಆಚೆ ದಂಡೆಯಲ್ಲಿ ಸಂಜೆಯವರೆಗೂ ನಡೆದ. ಆಗ ಅವನಿಗೆ ಇಪ್ಪತ್ತೈದು. ಮುಂದಿನ ಸೋಮವಾರ ನೀರಿನ ಕಂಪನಿ ಸೇರಿದ. ಮತ್ತೆ ಚೆಂಡು ಮುಟ್ಟಲಿಲ್ಲ. ಲೀಗಿನ ಪುಸ್ತಕದಲ್ಲಿ ಮಾತ್ರ ಪ್ರತಿ ವರ್ಷ ಅವನ ಹೆಸರು ಅಚ್ಚಾಗುತ್ತಿತ್ತು. ಸತತ ಸೋಲು, ಹಡಾಕ್, ಇಪ್ಪತ್ತಮೂರು. ಇದನ್ನು ಮುರಿಯುವವನು ಹುಟ್ಟಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಏಕೆಂದರೆ ಅಷ್ಟು ಸೋತವನನ್ನು ಯಾವ ಮ್ಯಾನೇಜರೂ ಇಟ್ಟುಕೊಳ್ಳುವುದಿಲ್ಲ.

೧೯೭೯ರ ಜುಲೈ ಮೊದಲ ವಾರ. ನಾನು ನನ್ನ ಸಲೂನಿನಲ್ಲಿ ಯುರ್ಕೊ ಮುದುಕನ ಮುಖಕ್ಕೆ ಸಾಬೂನು ಹಚ್ಚುತ್ತಿದ್ದೆ. ಆಂಬ್ರೋಸ್ ಕೆಲಸದ ಹೊತ್ತಿನಲ್ಲೇ ಒಳಗೆ ಬಂದು ಪೇಪರನ್ನು ನನ್ನ ಮುಂದೆ ಹಿಡಿದ. ಆಟದ ಪುಟದ ಕೆಳಗೆ ನಾಲ್ಕೇ ಸಾಲು. ನದಿಗುಂಟ ಅರವತ್ತು ಮೈಲಿ ಕೆಳಗಿನ, ನಮ್ಮ ಲೀಗಿನದೇ ಆದ ಮಾರ್ಲೋ ಊರಿನ ತಂಡದಲ್ಲಿ ಕರ್ಟಿಸ್ ಪ್ರುವಿಟ್ ಎಂಬ ಪಿಚರ್, ಕೆಂಟಕಿಯವನು, ವಯಸ್ಸು ಇಪ್ಪತ್ತೆರಡು. ಹೋದ ವರ್ಷದಿಂದ ಸತತ ಹತ್ತೊಂಬತ್ತು ಸೋತಿದ್ದಾನೆ.

"ಹತ್ತೊಂಬತ್ತು" ಎಂದ ಆಂಬ್ರೋಸ್.

ಯುರ್ಕೊ ಸಾಬೂನಿನ ನಡುವಿನಿಂದಲೇ ಹೇಳಿದ: "ಇನ್ನೂ ಅಂಬೆಗಾಲು. ನಮ್ಮ ಬ್ರೋಸ್ ಹತ್ರ ಬರೋಕೆ ಅವನು ಇನ್ನೆಷ್ಟು ಬೆವರು ಸುರಿಸ್ಬೇಕೋ."

ಆಂಬ್ರೋಸ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಪೇಪರು ಮಡಿಸಿಕೊಂಡು ಹೊರಟುಹೋದ.

ಆ ತಿಂಗಳು ಅಕ್ಕನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮಾರ್ಲೋದ ರೇಡಿಯೋ ನಮ್ಮ ಊರಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಪ್ರುವಿಟ್ ಎಸೆಯುವ ದಿನ ಆಂಬ್ರೋಸ್ ಊಟ ಬಿಟ್ಟು ಕಾರು ತೆಗೆದುಕೊಂಡು ಗುಡ್ಡದ ಮೇಲಿನ ಸ್ಮಶಾನದ ದಾರಿಗೆ ಹೋಗುತ್ತಿದ್ದ. ಅಲ್ಲಿ ಕಾರಿನ ಬಾಗಿಲು ತೆರೆದಿಟ್ಟು, ರೇಡಿಯೋ ಜೋರು ಮಾಡಿ, ಸುತ್ತ ಓಡಾಡುತ್ತಾ ಕೇಳುತ್ತಿದ್ದ. ಇಪ್ಪತ್ತು ಆಯಿತು. ಇಪ್ಪತ್ತೊಂದು ಆಯಿತು. ಅಕ್ಕ ನನ್ನ ಸಲೂನಿಗೆ ಬಂದು ಬಾಗಿಲಲ್ಲೇ ನಿಂತಳು.

"ಲ್ಯಾಡಿ, ಇವನು ಏನು ಬಯಸ್ತಿದಾನೆ ಅಂತ ನಂಗೊತ್ತಾಗ್ತಿಲ್ಲ. ಆ ಹುಡುಗ ಸೋತ್ರೂ ಮುಖ ಗಂಟು ಹಾಕ್ಕೊಂಡು ಬರ್ತಾನೆ. ನಡುವೆ ಅವ್ರ ತಂಡ ಮುಂದಿದ್ದಾಗ ಹೋಗಿ ನೋಡಿದ್ರೆ, ಆಗ್ಲೂ ಅದೇ ಮುಖ. ನೀನೇ ಕೇಳು."

ಕೇಳಬೇಕಾಗಿ ಬರಲಿಲ್ಲ. ಇಪ್ಪತ್ತೆರಡನೆಯದು ಆದ ಮರುದಿನ ಬುಧವಾರ. ಬುಧವಾರ ಮಧ್ಯಾಹ್ನ ನನ್ನ ಸಲೂನು ಮುಚ್ಚಿರುತ್ತದೆ. ಅವನು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, ಕಾರು ಹತ್ತು, ಮಾರ್ಲೋಗೆ ಹೋಗಿ ಬರೋಣ ಎಂದ. ದಾರಿಯುದ್ದಕ್ಕೂ ಲಾರಿಗಳನ್ನು ಹಿಂದೆ ಹಾಕುತ್ತಾ ಹೋದ.

ಮಾರ್ಲೋದ ಮೈದಾನದಲ್ಲಿ ಗೇಟಿನವನನ್ನು ಕೇಳಿದೆವು. ಪ್ರುವಿಟ್ ಎದುರಿನ ಊಟದಂಗಡಿಯಲ್ಲಿದ್ದಾನೆ ಎಂದ. ಹೋಗಿ ನೋಡಿದರೆ ಮೂಲೆಯ ಮೇಜಿನಲ್ಲಿ ಉದ್ದ ಕೈಕಾಲಿನ, ಕಿವಿ ಸ್ವಲ್ಪ ಹೊರಚಾಚಿದ ಹುಡುಗ. ಮುಂದೆ ಮುಟ್ಟದ ಮೊಟ್ಟೆ, ಕಾಲ ಬಳಿ ಬಟ್ಟೆಯ ಚೀಲ. ಚೀಲದ ಹಿಡಿಗೆ ಬಸ್ಸಿನ ಟಿಕೆಟನ್ನು ಸಿಕ್ಕಿಸಿದ್ದ. ಆಂಬ್ರೋಸ್ ತನ್ನ ಹೆಸರು ಹೇಳಿದ. ಹುಡುಗ ಎದ್ದು ನಿಂತ. ಈ ಹೆಸರು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ. ತಿಂಗಳಿಂದ ಪೇಪರಿನವರು ಅವನ ಹೆಸರಿನ ಪಕ್ಕದಲ್ಲಿ ಅದನ್ನೇ ಬರೆಯುತ್ತಿದ್ದರು.

ಟಿಕೆಟು ಎಲ್ಲಿಗೆ ಎಂದು ಆಂಬ್ರೋಸ್ ಕೇಳಿದ. ಊರಿಗೆ, ನಾಲ್ಕರ ಬಸ್ಸು, ಮ್ಯಾನೇಜರಿಗೆ ಇನ್ನೂ ಹೇಳಿಲ್ಲ ಎಂದ ಹುಡುಗ. ಅಪ್ಪನಿಗೆ ಹೊಗೆಸೊಪ್ಪಿನ ಹೊಲವಿದೆ, ಆಗಸ್ಟಿನಲ್ಲಿ ಕೈಗಳು ಬೇಕಾಗುತ್ತವೆ ಎಂದೂ ಹೇಳಿದ.

ಆಂಬ್ರೋಸ್ ಕೂತ. ಅವನು ಕೂತದ್ದೇ ನನಗೆ ಆಶ್ಚರ್ಯ.

"ನಾನೂ ಹೀಗೇ ಹೊರಟೆ" ಎಂದ. "ಜನ ಮರೀತಾರೆ ಅಂದ್ಕೊಂಡೆ. ಮರೀಲಿಲ್ಲ. ಅದು ಹೋಗ್ಲಿ ಬಿಡು, ಜನ ಏನಾದ್ರೂ ಅಂದ್ಕೊಳ್ಲಿ. ನಾನು ಆಡದೇ ಹೋದ ಆಟ ಇದ್ಯಲ್ಲ, ಅದ್ರಲ್ಲಿ ಏನಾಗ್ತಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಮೀಟರು ಓದ್ತಾ ಇರ್ತೀನಿ, ಅಂಕಿ ಕಣ್ಮುಂದೆ ಇರುತ್ತೆ, ತಲೇಲಿ ಆ ಆಟ ಆಡ್ತಾ ಇರ್ತೀನಿ. ಒಂದಿನ ಗೆಲ್ತೀನಿ, ಒಂದಿನ ಸೋಲ್ತೀನಿ. ಮುಗಿಯೋದೇ ಇಲ್ಲ."

ಹುಡುಗ ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮರ್ಯಾದೆಯಿಂದಲೇ ಕೇಳಿದ: "ಒಂದು ಕೇಳ್ಲಾ ಸರ್? ನಾನು ಸೋತು ನಿಮ್ಮ ಹೆಸರು ಅಳಿಸ್ಲಿ ಅಂತ ಬಂದ್ರಾ, ಅಳಿಸದೇ ಇರ್ಲಿ ಅಂತ ಬಂದ್ರಾ?"

"ಗೊತ್ತಿಲ್ಲಪ್ಪ. ದಾರೀಲಿ ಅದನ್ನೇ ಕೇಳ್ಕೊಂಡು ಬಂದೆ."

ಹುಡುಗ ನಕ್ಕ. ಮೊಟ್ಟೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ನಾವು ಹೊರಡುವಾಗಲೂ ಟಿಕೆಟು ಚೀಲದ ಹಿಡಿಯಲ್ಲೇ ಇತ್ತು. ಅವನು ಆ ಬಸ್ಸು ಹತ್ತಲಿಲ್ಲ ಎಂದು ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ರೇಡಿಯೋದಲ್ಲಿ. ಪ್ರುವಿಟ್ ಒಂಬತ್ತು ಇನ್ನಿಂಗ್ಸ್ ಪೂರ್ತಿ ಎಸೆದ. ಒಂದಕ್ಕೆ ಎರಡು ರನ್ನಿನಿಂದ ಸೋತ. ಇಪ್ಪತ್ತಮೂರು.

ಅಲ್ಲಿಗೆ ಇಬ್ಬರದೂ ಸಮ. ಪ್ರುವಿಟ್ ಸರದಿಯ ಮುಂದಿನ ಆಟ ಆಗಸ್ಟಿನ ಎರಡನೆಯ ಭಾನುವಾರ, ನಮ್ಮ ಊರಿನ ಮೈದಾನದಲ್ಲೇ, ನಮ್ಮ ತಂಡದ ವಿರುದ್ಧವೇ ಬಿತ್ತು.

ಹಿರಿಯ ಡೆನ್ಹಾಮ್ ಸತ್ತು ಮಗ ಗಾರ್ಡನ್ ಮಾಲೀಕನಾಗಿದ್ದ. ಸೋಮವಾರ ಬೆಳಿಗ್ಗೆ ಊರಿನ ಕಂಬಗಳ ಮೇಲೆಲ್ಲಾ ಕಾಗದ ಕಾಣಿಸಿತು. ಅಪ್ಪ ಬರೆಸಿದ್ದ ಮಾತುಗಳೇ, ಹೆಸರು ಮಾತ್ರ ಬೇರೆ. ಬಂದವರಿಗೆಲ್ಲ "ಸೋಲಿನ ರಾಜ" ಎಂದು ಅಚ್ಚು ಹಾಕಿದ ಕಾಗದದ ಕಿರೀಟ ಉಚಿತ. ಬ್ಯಾಂಡೂ ಉಂಟು. ಆಟಕ್ಕೆ ಮುಂಚೆ ಗೌರವಕ್ಕೆಂದು ಎಸೆಯುವ ಮೊದಲ ಚೆಂಡನ್ನು ಹಳೆಯ ರಾಜ ಹಡಾಕ್ ಎಸೆಯುತ್ತಾನೆ ಎಂದು ಆಂಬ್ರೋಸ್‌ನನ್ನು ಕೇಳದೆಯೇ ಬರೆಸಿದ್ದ.

ಆಂಬ್ರೋಸ್ ಮಧ್ಯಾಹ್ನದ ಹೊತ್ತಿಗೆ ಅವನ ಆಫೀಸಿಗೆ ಹೋದ. ದಾರಿಯಲ್ಲಿ ನನ್ನನ್ನೂ ಎಬ್ಬಿಸಿಕೊಂಡು ಹೋದ, ಕೈ ಮುಂದಾದರೆ ತಡೆಯಲಿ ಎಂದೋ ಏನೋ. ಕಿರೀಟ ಬೇಡ, ಬ್ಯಾಂಡು ಬೇಡ, ಆಟ ಆಡಿಸು ಸಾಕು ಎಂದು ಕೇಳಿದ. ಗಾರ್ಡನ್ ಕೆಟ್ಟವನೇನಲ್ಲ, ನಗುಮುಖದವನು. ಕುರ್ಚಿ ತೋರಿಸಿದ, ಕಾಫಿ ತರಿಸಿದ.

"ಬ್ರೋಸ್, ನೀನು ಇದನ್ನ ಅವಮಾನ ಅಂದ್ಕೋತೀಯ. ಅಲ್ಲ ಮಾರಾಯ, ಪ್ರೀತಿ. ಈ ಊರಲ್ಲಿ ನಿನ್ನಷ್ಟು ಹೆಸರು ಯಾರಿಗಿದೆ ಹೇಳು? ಗೆದ್ದವ್ರಲ್ಲಿ ಒಬ್ರ ಹೆಸರು ಯಾರಿಗಾದ್ರೂ ನೆನಪಿದ್ಯಾ?"

"ಆ ಹುಡುಗನ ತಲೆ ಮೇಲೆ ಕಿರೀಟ ಇಡೋದು ಪ್ರೀತೀನಾ?"

"ಜನಕ್ಕೆ ಮಜಾ ಬೇಕಪ್ಪ. ಟಿಕೆಟು ಹೋಗ್ಬಿಟ್ಟಿವೆ."

ಆಂಬ್ರೋಸ್ ಕಾಫಿ ಮುಟ್ಟದೆ ಎದ್ದ. ಹೊರಗೆ ಬಂದು ಅಂಗಿಯ ಜೇಬಿನಿಂದ ಮೀಟರು ಪುಸ್ತಕ ತೆಗೆದು ಆ ವಾರದ ಬೀದಿಗಳನ್ನು ನೋಡಿದ. ಅವನ ತಲೆಯಲ್ಲಿ ಏನಿದೆ ಎಂದು ನನಗೆ ಮರುದಿನ ಗಿರಾಕಿಗಳ ಬಾಯಿಂದ ತಿಳಿಯಿತು.

ಅವನು ಮನೆ ಮನೆಯಲ್ಲಿ ಮಾತಾಡುತ್ತಿದ್ದ. ನೆಲಮಾಳಿಗೆಯಿಂದ ಹತ್ತಿ ಬಂದು ಹೊರಟುಬಿಡುವ ಬದಲು ಅಡುಗೆಮನೆಯ ಬಾಗಿಲಲ್ಲಿ ನಿಂತು, ಭಾನುವಾರ ಆಟಕ್ಕೆ ಬನ್ನಿ, ಕಿರೀಟ ಮಾತ್ರ ಹಾಕಿಕೊಳ್ಳಬೇಡಿ ಎನ್ನುತ್ತಿದ್ದ. ಅಷ್ಟೇ. ಒಂದು ಮನೆಯಲ್ಲಿ ಹೇಳಿ ಮುಂದಿನ ಮನೆಗೆ. ತನ್ನ ಪಾಲಿನ ಬೀದಿಗಳು ಮುಗಿದ ಮೇಲೆ ಬೇರೆಯವರ ಬೀದಿಗಳಿಗೂ ಹೋದ. ಬೇಸಿಗೆಯ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಗುಡ್ಡದ ಮೇಲಿನ ವಿಧವೆ ಜೆಲೆಂಕಾ ನನ್ನ ಸಲೂನಿನ ಮುಂದೆ ಹಾದುಹೋಗುವಾಗ ನಿಂತು ಹೇಳಿದಳು: "ನಿನ್ನ ಅಕ್ಕನ ಗಂಡಂಗೆ ಏನಾಗಿದೆಯೋ? ಇಪ್ಪತ್ತು ವರ್ಷದಿಂದ ನಮ್ಮನೆಗೆ ಬರ್ತಾನೆ, ಮೂಗ ಅಂದ್ಕೊಂಡಿದ್ದೆ." ಕೆಲವರು ಅವನ ಮುಖದ ಮೇಲೇ ನಕ್ಕರು. ಒಬ್ಬ, ನೀನು ಹೇಳಿದ್ದಕ್ಕೇ ಎರಡು ಕಿರೀಟ ಹಾಕ್ಕೋತೀನಿ ಎಂದನಂತೆ. ಯಾರೋ ಕಂಪನಿಗೆ ದೂರು ಕೊಟ್ಟರು. ಮೇಲಿನವನು ಕರೆದು, ಮೀಟರು ಓದು, ಪ್ರಚಾರ ಬೇಡ ಎಂದು ಎಚ್ಚರಿಸಿದ. ಶುಕ್ರವಾರ ಚರ್ಚಿನ ಹಾಲಿನಲ್ಲಿ ಮೀನಿನೂಟಕ್ಕೆ ಕೂತಿದ್ದವರ ನಡುವೆಯೂ ಅವನು ಮೇಜಿನಿಂದ ಮೇಜಿಗೆ ಹೋಗುತ್ತಿದ್ದುದನ್ನು ನಾನೇ ನೋಡಿದೆ. ಅಕ್ಕ ತಲೆ ತಗ್ಗಿಸಿಕೊಂಡು ಎಲೆಕೋಸು ತಿನ್ನುತ್ತಿದ್ದಳು. ಆಮೇಲೆ ತಾನೂ ಎದ್ದು ಆಚೆಯ ಸಾಲಿನ ಮೇಜುಗಳಿಗೆ ಹೋದಳು.

ಭಾನುವಾರ ಮಧ್ಯಾಹ್ನ ಮೈದಾನ ತುಂಬಿತು. ಅವನ ಮಾತನ್ನು ಊರೆಲ್ಲ ಕೇಳಿತು ಎಂದರೆ ಸುಳ್ಳಾಗುತ್ತದೆ. ಗೇಟಿನಲ್ಲಿ ಕೊಟ್ಟ ಕಿರೀಟವನ್ನು ಅರ್ಧ ಜನ ಹಾಕಿಕೊಂಡಿದ್ದರು. ಉಳಿದರ್ಧ ಜನ ಮಡಿಸಿ ಕುಂಡೆ ಕೆಳಗೆ ಹಾಕಿಕೊಂಡು ಕೂತಿದ್ದರು, ಬೆಂಚು ಬಿಸಿಲಿಗೆ ಕಾದಿತ್ತು. ಬ್ಯಾಂಡು ಬಾರಿಸಿತು. ಧ್ವನಿವರ್ಧಕದಲ್ಲಿ ಹಡಾಕ್ ಹೆಸರು ಕರೆದರು, ಮೂರು ಸಲ ಕರೆದರು. ಆಂಬ್ರೋಸ್ ನನ್ನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದವನು ಅಲ್ಲಾಡಲಿಲ್ಲ. ಕೊನೆಗೆ ಗಾರ್ಡನ್ ತಾನೇ ಮೊದಲ ಚೆಂಡು ಎಸೆದ.

ಪ್ರುವಿಟ್ ಮೈದಾನಕ್ಕೆ ಇಳಿದಾಗ ನಗೆ ಎದ್ದಿತು. ಅದು ಮೂರನೆಯ ಇನ್ನಿಂಗ್ಸಿನವರೆಗೂ ಇತ್ತು. ಆಮೇಲೆ ಕಡಿಮೆಯಾಯಿತು, ಯಾರ ಒಳ್ಳೆಯತನದಿಂದಲೂ ಅಲ್ಲ. ಹುಡುಗ ಚೆನ್ನಾಗಿ ಎಸೆಯುತ್ತಿದ್ದ. ನಮ್ಮವರ ಬ್ಯಾಟಿಗೆ ಚೆಂಡು ಸುಲಭಕ್ಕೆ ಸಿಗುತ್ತಿರಲಿಲ್ಲ. ಏಳನೆಯ ಇನ್ನಿಂಗ್ಸಿನಲ್ಲಿ ಮೂರು ಮೂರು ಸಮವಾಯಿತು. ಎಂಟನೆಯದರಲ್ಲಿ ಏನೂ ಆಗಲಿಲ್ಲ. ಕೊನೆಯದಾದ ಒಂಬತ್ತನೆಯದರಲ್ಲಿ ನಮ್ಮವರು ಇಬ್ಬರು ಔಟು, ಮೂರನೆಯವನು ಔಟಾದರೆ ಸರದಿ ಮುಗಿಯಿತು, ಒಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದಾನೆ. ಅವನು ಓಡಿ ಬಂದು ಹೋಮ್ ಪ್ಲೇಟು ಮುಟ್ಟಿದರೆ ಒಂದು ರನ್ನು, ಆಟ ಮುಗಿಯಿತು, ಪ್ರುವಿಟ್‌ಗೆ ಇಪ್ಪತ್ತನಾಲ್ಕು ಆಯಿತು, ದಾಖಲೆ ಅವನೊಬ್ಬನದಾಯಿತು.

ನಮ್ಮ ಬ್ಯಾಟುಗಾರ ಜೋರಾಗಿ ಬೀಸಿದ. ಚೆಂಡು ಎತ್ತರಕ್ಕೆ ಹೋಯಿತು. ಎಡಗಡೆ ನಿಂತಿದ್ದ ಮಾರ್ಲೋದವನು ಹಿಂದೆ ಹಿಂದೆ ಓಡಿದ, ಬೆನ್ನು ಬೇಲಿಗೆ ತಾಗಿತು, ಕೈ ಎತ್ತಿದ. ಹಿಡಿದ.

ಆಂಬ್ರೋಸ್ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅವನ ಕೈ ನೋಡಿದೆ. ಕಂಬಿಯ ತುಕ್ಕು ಅಂಗೈಗೆಲ್ಲಾ ಮೆತ್ತಿತ್ತು.

ಒಂಬತ್ತಕ್ಕೆ ತೀರ್ಮಾನವಾಗದೆ ಆಟ ಮುಂದುವರಿಯಿತು. ಹತ್ತನೆಯ ಇನ್ನಿಂಗ್ಸಿಗೆ ಮಾರ್ಲೋದ ಮ್ಯಾನೇಜರು ಪ್ರುವಿಟ್‌ನನ್ನು ತೆಗೆದು ಬೇರೊಬ್ಬನನ್ನು ಹಾಕಿದ. ಅಂಕ ಸಮ ಇರುವಾಗ ಹೊರಬಂದವನಿಗೆ ಗೆಲುವೂ ಇಲ್ಲ, ಸೋಲೂ ಇಲ್ಲ. ಹನ್ನೊಂದನೆಯದರಲ್ಲಿ ಮಾರ್ಲೋ ಸೋತಿತು, ಆ ಸೋಲು ಹೊಸಬನ ತಲೆಗೆ ಹೋಯಿತು. ಜನಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಗೆದ್ದದ್ದು ನಮ್ಮ ತಂಡ, ಆದರೆ ಅವರು ಬಂದದ್ದು ಅದಕ್ಕಲ್ಲ. ಬ್ಯಾಂಡಿನವರು ಗಾರ್ಡನ್ ಮುಖ ನೋಡಿದರು, ಗಾರ್ಡನ್ ಇನ್ನೆಲ್ಲೋ ನೋಡಿದ.

ಮೂರು ದಿನ ಬಿಟ್ಟು ಮಾರ್ಲೋದವರು ಪ್ರುವಿಟ್‌ನನ್ನು ಮೊಂಟಾನಾದ ಯಾವುದೋ ತಂಡಕ್ಕೆ ಕೊಟ್ಟುಬಿಟ್ಟರು. ಅದು ಬೇರೆ ಲೀಗು. ನಮ್ಮ ಲೀಗಿನ ಪುಸ್ತಕದಲ್ಲಿ ಅವನ ಲೆಕ್ಕ ಇಪ್ಪತ್ತಮೂರಕ್ಕೇ ನಿಂತಿತು.

ಆ ವಾರ ಆಂಬ್ರೋಸ್ ಜೊತೆ ಹೆಣಗುವುದು ಮೊದಲಿಗಿಂತ ಕಷ್ಟವಾಯಿತು. ಜಗುಲಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಒಳ್ಳೇದಾಯ್ತಲ್ಲ, ಹುಡುಗ ಓಡಿಹೋಗಲಿಲ್ಲವಲ್ಲ ಎಂದೆ. ಅವನು ನಿಂತ.

"ಆ ಚೆಂಡು ಮೇಲೆ ಹೋಯ್ತಲ್ಲ ಲ್ಯಾಡಿ. ಅವನು ಹಿಡೀಲಿ ಹಿಡೀಲಿ ಅಂದ್ಕೊಂಡೆ. ಹುಡುಗನಿಗೋಸ್ಕರ ಅಂತ ನೀನು ತಿಳ್ಕೊಂಡಿರ್ತೀಯ. ನಾನೂ ಹಾಗೇ ತಿಳ್ಕೊಂಡಿದ್ದೆ. ಅಲ್ಲ. ಅದು ನಂದು, ನನ್ನ ಹತ್ರಾನೇ ಇರ್ಲಿ ಅನ್ನಿಸ್ತು. ಇಪ್ಪತ್ತೇಳು ವರ್ಷ ಬೈಕೊಂಡ ವಸ್ತು, ಇನ್ನೊಬ್ಬ ಎತ್ಕೊಂಡು ಹೋಗ್ತಾನೆ ಅಂದಾಗ ಜೀವ ಹೋದಂಗಾಯ್ತು. ಆ ಹುಡುಗನಿಗೆ ಬುದ್ಧಿ ಹೇಳೋಕೆ ಹೋದೋನು ನಾನು."

ಅಕ್ಕ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅದನ್ನ ಆ ಹುಡುಗನಿಗೇ ಹೇಳು, ನಮಗೆ ಹೇಳಿ ಏನು ಪ್ರಯೋಜನ ಎಂದಳು.

ಸೆಪ್ಟೆಂಬರಿನ ಮೊದಲ ವಾರ ಪ್ರುವಿಟ್ ತಾನೇ ಫೋನು ಮಾಡಿದ. ಮೊಂಟಾನಾದಲ್ಲಿ ಒಂದು ಆಟ ಗೆದ್ದಿದ್ದ. ಐದಕ್ಕೆ ಎರಡು. ಆಂಬ್ರೋಸ್ ನಿಂತುಕೊಂಡೇ ಕೇಳಿದ, ಭೇಷ್ ಎಂದ, ಆಮೇಲೆ ಆ ಚೆಂಡಿನ ವಿಷಯ ಒಂದೂ ಬಿಡದೆ ಹೇಳಿದ. ಅದಕ್ಕೆ ಹುಡುಗ ಹೇಳಿದ್ದನ್ನು ಅವನು ನಮಗೆ ಹಾಗೆಹಾಗೇ ಹೇಳಿದ.

"ನನಗೂ ಖುಷಿಯಾಯ್ತು ಸರ್. ಒಬ್ನೇ ಇಟ್ಕೊಳ್ಳೋದು ತಪ್ತಲ್ಲ ಅಂತ."

ಅಕ್ಟೋಬರಿನಲ್ಲಿ ತನ್ನ ಊರಿಗೆ ಹೋಗುವ ದಾರಿಯಲ್ಲಿ ಪ್ರುವಿಟ್ ಹೆಂಡತಿಯನ್ನು ಕರೆದುಕೊಂಡು ನಮ್ಮಲ್ಲಿ ಒಂದು ದಿನ ಇಳಿದ. ಹಿತ್ತಲಲ್ಲಿ ಗ್ಲೌಸು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಎಸೀರಿ ಸರ್ ಎಂದ. ಆಂಬ್ರೋಸ್ ಬೇಡ ಬೇಡ ಎನ್ನುತ್ತಲೇ ಮೂವತ್ತು ನಲವತ್ತು ಚೆಂಡು ಎಸೆದ. ಮೊದಲಿನ ಕೆಲವು ಪಕ್ಕದ ಮನೆಯವರ ಟೊಮೇಟೊ ಗಿಡಗಳಿಗೆ ಹೋದವು. ಮರುದಿನದಿಂದ ಒಂದು ವಾರ ಅವನಿಗೆ ಬಲಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ.

೧೯೮೩ರಲ್ಲಿ ಲೀಗು ಮುಚ್ಚಿತು. ಟಿವಿ ಮುಂದೆ ಕೂತವರು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದ್ದರು. ದೊಡ್ಡ ಊರಿನ ಪತ್ರಿಕೆಯವನೊಬ್ಬ ಎಂದೂ ಮುರಿಯದ ದಾಖಲೆಗಳ ಪಟ್ಟಿ ಮಾಡುತ್ತಾ ಆಂಬ್ರೋಸ್‌ಗೆ ಫೋನು ಮಾಡಿದ. ಇನ್ನು ನಿಮ್ಮಿಬ್ಬರ ಹೆಸರು ಶಾಶ್ವತ, ಹೇಗನ್ನಿಸುತ್ತದೆ ಎಂದು ಕೇಳಿದ. ಮುರಿಯೋಕೆ ಆಡುವವರೇ ಇಲ್ಲ ಅಂದ ಮೇಲೆ ಅದೆಂಥ ದಾಖಲೆ ಎಂದು ಆಂಬ್ರೋಸ್ ರೇಗಿದ. ಪತ್ರಿಕೆಯವನು ಅದನ್ನು ಬರೆಯಲಿಲ್ಲ.

ಆ ವರ್ಷದಿಂದ ಅವನಿಗೆ ಹೊಸದೊಂದು ಹುಚ್ಚು ಹತ್ತಿತು. ದೇಶದ ಮೂಲೆಮೂಲೆಯ ಚಿಕ್ಕ ಲೀಗುಗಳ ಫಲಿತಾಂಶ ಬರುವ ವಾರಪತ್ರಿಕೆ ತರಿಸಿಕೊಂಡು, ಹತ್ತು ಹನ್ನೆರಡು ಆಟ ಸತತ ಸೋತ ಪಿಚರುಗಳನ್ನು ಹುಡುಕುವುದು. ಅವರ ತಂಡದ ವಿಳಾಸಕ್ಕೆ ಕಾರ್ಡು ಬರೆಯುವುದು. ಬರೆಯುತ್ತಿದ್ದುದು ಎರಡೇ ಸಾಲು: ನನ್ನ ಲೆಕ್ಕ ಇಪ್ಪತ್ತಮೂರು. ಮುಂದಿನ ಆಟ ತಪ್ಪಿಸಬೇಡ. ಹೆಚ್ಚಿನವರು ಉತ್ತರ ಕೊಡಲಿಲ್ಲ. ಕೆಲವರು ಥ್ಯಾಂಕ್ಸ್ ಬರೆದರು.

ಟೆಕ್ಸಸಿನ ಒಬ್ಬ, ಹದಿನಾಲ್ಕು ಸೋತವನು, ಇಡೀ ಹಾಳೆ ತುಂಬ ಬೈದು ಬರೆದ. ನೀನ್ಯಾರು ನನಗೆ ಹೇಳೋಕೆ, ನಿನ್ನ ಸೋಲು ನಿನ್ನ ಹತ್ತಿರ ಇಟ್ಟುಕೋ, ನನಗೆ ಇನ್ನೊಮ್ಮೆ ಬರೆದರೆ ನೋಡು ಎಂದೆಲ್ಲಾ. ಆಂಬ್ರೋಸ್ ಆ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದ. ಅಷ್ಟು ಸಂತೋಷದ ಮುಖ ಅವನದು ನಾನು ನೋಡಿರಲಿಲ್ಲ.

"ಸಿಟ್ಟಿದೆ ನೋಡು" ಎಂದ. "ಇವನು ಬಿಟ್ಟು ಹೋಗೋ ಪೈಕಿ ಅಲ್ಲ."

ಟೆಕ್ಸಸಿನವನು ಮುಂದಿನ ಆಟವನ್ನೂ ಸೋತ. ಅದರ ಮುಂದಿನದನ್ನು ಗೆದ್ದ. ಅಷ್ಟು ಹೊತ್ತಿಗೆ ಆಂಬ್ರೋಸ್ ಅಯೋವಾದಲ್ಲಿ ಇನ್ನೊಬ್ಬನನ್ನು ಹುಡುಕಿಕೊಂಡಿದ್ದ, ಹನ್ನೊಂದು ಸೋತವನು.